ಕಪ್ಪು ಕಾರಿಗೆ ಯಾವ ವ್ಯಾಕ್ಸ್? ಪೇಸ್ಟಾ, ಸೀಲೆಂಟಾ, ಸೆರಾಮಿಕ್ಕಾ? ಹಚ್ಚೋದು ಹೇಗೆ?

ಕರಿಬಣ್ಣದ_ಕಾರು
ಎಲ್ರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ನಂದು ಕಪ್ಪು ಸೆಡಾನ್, ತಗೊಂಡು ಬಹಳ ದಿನ ಆಗಿಲ್ಲ, ಆಗ್ಲೇ ಬಿಸಿಲಲ್ಲಿ ಓರೆಯಾಗಿ ನೋಡಿದ್ರೆ ಬಾನೆಟ್ ತುಂಬ ಸುತ್ತು ಸುತ್ತಾಗಿ ಸಣ್ಣ ಗೀರು ಕಾಣ್ತಿವೆ. ರೂಫ್ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದ್ದ ಜಾಗದಲ್ಲಿ ತೊಳೆದ್ರೂ ಹೋಗದ ಒಂದು ಮಂಕು ಗುರುತು ಬೇರೆ. ವ್ಯಾಕ್ಸ್ ಹಾಕಿಬಿಡೋಣ ಅಂತ ಅಂಗಡಿಗೆ ಹೋದ್ರೆ ಡಬ್ಬಿಲಿರೋ ಪೇಸ್ಟು, ಬಾಟ್ಲಿಲಿರೋ ಲಿಕ್ವಿಡ್ಡು, ಸ್ಪ್ರೇ, ಸೀಲೆಂಟು, ಸೆರಾಮಿಕ್ಕು ಅಂತ ಒಂದು ಸಾಲೇ ಇದೆ, ಒಂದೊಂದರ ಮೇಲೂ ಒಂದೊಂದು ಭರವಸೆ ಬರೆದಿದಾರೆ. ಕಾರ್ನೌಬಾ ಅಂದ್ರೆ ಏನು, ನಿಜವಾಗ್ಲೂ ಅದೇ ಒಳ್ಳೇದಾ? ವ್ಯಾಕ್ಸ್ ಹಚ್ಚಿದ್ರೆ ಗೀರು ಹೋಗುತ್ತಾ? ಎಷ್ಟು ದಿನಕ್ಕೊಂದ್ಸಲ ಹಚ್ಬೇಕು? ಕಾರು ಹಗಲು ರಾತ್ರಿ ಹೊರಗೇ ನಿಲ್ಲೋದು, ಶೆಡ್ ಇಲ್ಲ. ಮಷಿನ್ನೂ ಇಲ್ಲ, ಕೈಯಲ್ಲೇ ಹಚ್ಬೇಕು. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಸ್ಪ್ರೇ_ಸಾಕು
ತಲೆ ಕೆಡಿಸ್ಕೋಬೇಡಿ ಗುರು. ತೊಳೀರಿ, ಸ್ಪ್ರೇ ವ್ಯಾಕ್ಸ್ ಹೊಡೀರಿ, ಒರೆಸಿ. ಮುಗೀತು.

ಹಳೇಗಾಡಿ
ಸ್ಪ್ರೇ ಕೆಲವೇ ವಾರ ನಿಲ್ಲೋದು, ಅದೂ ಹೊರಗೆ ನಿಲ್ಲೋ ಗಾಡಿ ಮೇಲೆ ಇನ್ನೂ ಬೇಗ ಹೋಗುತ್ತೆ. ಪೇಸ್ಟ್ ವ್ಯಾಕ್ಸ್ ಹಾಕಿ ಸಾರ್, ಕಪ್ಪು ಬಣ್ಣಕ್ಕೆ ಕಾರ್ನೌಬಾ ಕೊಡೋ ಆಳವಾದ ಹೊಳಪು ಬೇರೆ ಯಾವುದೂ ಕೊಡಲ್ಲ. ಬಿಳಿ, ಸಿಲ್ವರ್ ಮೇಲೆ ಅಷ್ಟು ವ್ಯತ್ಯಾಸ ಗೊತ್ತಾಗಲ್ಲ, ಕಪ್ಪು ಕೆಂಪು ಮೇಲೆ ಒಂದ್ಸಲ ನೋಡಿದೋರು ಬಿಡಲ್ಲ.

ಪೇಂಟ್_ಬೂತ್
ನಾನು ಬಾಡಿ ಶಾಪಲ್ಲಿ ಪೇಂಟಿಂಗ್ ಕೆಲಸ ಮಾಡೋನು. ಯಾವ ಡಬ್ಬಿ ಅನ್ನೋಕೆ ಮುಂಚೆ ನಿಮ್ಮ ಗೀರಿನ ಪ್ರಶ್ನೆಗೆ ಉತ್ತರ ಹೇಳ್ತೀನಿ. ವ್ಯಾಕ್ಸಿಂದ ಗೀರು ಹೋಗಲ್ಲ. ಪಾಲಿಶಲ್ಲಿ ಉಜ್ಜೋ ಪುಡಿ ಇರುತ್ತೆ, ಅದು ಕ್ಲಿಯರ್ ಕೋಟಿನ (ಬಣ್ಣದ ಮೇಲಿರೋ ಪಾರದರ್ಶಕ ಪದರ) ಮೇಲ್ಭಾಗವನ್ನ ಚೂರೇ ಚೂರು ಸವೆಸಿ ಗೀರಿನ ಅಂಚನ್ನ ಸಮ ಮಾಡುತ್ತೆ. ವ್ಯಾಕ್ಸ್ ಏನನ್ನೂ ಸವೆಸಲ್ಲ, ಮೇಲೆ ಕೂತ್ಕೊಳುತ್ತೆ ಅಷ್ಟೆ, ಅದರ ಪದರ ಒಂದು ಮೈಕ್ರಾನಿಗಿಂತಲೂ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೆಳು. ಎಣ್ಣೆ ಅಂಶ ಇರೋ ಕೆಲವು ವ್ಯಾಕ್ಸು ಸಣ್ಣ ಗೀರಲ್ಲಿ ತುಂಬ್ಕೊಂಡು ಕೆಲವು ದಿನ ಮರೆಮಾಡುತ್ತೆ, ನಾಲ್ಕು ಸಲ ತೊಳೆದ್ರೆ ಮತ್ತೆ ಎದ್ದು ಕಾಣುತ್ತೆ. ಕ್ಲೀನರ್ ವ್ಯಾಕ್ಸ್ ಅಂತ ಬರೋದ್ರಲ್ಲಿ ಎರಡೂ ಸೇರಿಸಿರ್ತಾರೆ, ಸ್ವಲ್ಪ ಪುಡಿ, ಸ್ವಲ್ಪ ವ್ಯಾಕ್ಸ್. ತುಂಬ ತೆಳುವಾದ ಗೀರಿಗೆ ಅದು ಪರವಾಗಿಲ್ಲ.

ಇನ್ನು ಪೇಂಟ್ ದಪ್ಪದ ವಿಷಯ. ಫ್ಯಾಕ್ಟರಿ ಪೇಂಟ್ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತೆ. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 35ರಿಂದ 50ರ ಆಸುಪಾಸು, ಒಂದು ಕೂದಲೆಳೆಗಿಂತ ತೆಳು ಅಂದ್ಕೊಳ್ಳಿ. ಬಿಸಿಲಿನ ಅಲ್ಟ್ರಾವಯಲೆಟ್ ತಡೆಯೋ ಅಂಶ ಬೆರೆಸಿರೋದು ಆ ಕ್ಲಿಯರ್ ಕೋಟಲ್ಲೇ. ಸರ್ವಿಸಿಗೆ ಬಿಟ್ಟಾಗೆಲ್ಲ ರಬ್ಬಿಂಗ್ (ಉಜ್ಜೋ ಪಾಲಿಶ್) ಮಾಡಿಸ್ಕೊಂಡು ಹೊಳೀತಿದೆ ಅಂತ ಖುಷಿಪಡೋರನ್ನ ದಿನಾ ನೋಡ್ತೀನಿ, ಪ್ರತಿ ಸಲ ಅಷ್ಟಷ್ಟು ಕ್ಲಿಯರ್ ಹೋಗ್ತಾ ಇರುತ್ತೆ. ಆಮೇಲೆ ಬಾನೆಟ್ ಮೇಲೆ ಬಿಳಿ ಬಿಳಿ ಸಿಪ್ಪೆ ಏಳೋಕೆ ಶುರುವಾದಾಗ ನಮ್ಮ ಹತ್ರ ಬರ್ತಾರೆ, ಅಷ್ಟೊತ್ತಿಗೆ ಪಾಲಿಶೂ ಇಲ್ಲ ವ್ಯಾಕ್ಸೂ ಇಲ್ಲ, ಮರುಪೇಂಟೇ ಗತಿ.

ಹಕ್ಕಿ ಹಿಕ್ಕೆ ಗುರುತಿಗೆ ಉಗುರು ಆಡಿಸಿ ನೋಡಿ. ತಗಲದೇ ಇದ್ರೆ ಸಣ್ಣ ಪಾಲಿಶಲ್ಲಿ ಕಮ್ಮಿ ಆಗ್ಬಹುದು. ಗುಂಡಿ ಥರ ತಗಲಿದ್ರೆ ಅದು ಕ್ಲಿಯರ್ ಒಳಗೆ ಇಳಿದಿದೆ, ಉಜ್ಜಿ ಉಜ್ಜಿ ತೆಗೆಯೋಕೆ ಹೋಗ್ಬೇಡಿ.

ನೋಡ್ರಿ_ಮತ್ತ
ಪೇಂಟ್ ಬೂತ್ ಅಣ್ಣಾರು ಹೇಳಿದ್ದು ಖರೇ ಐತ್ರಿ. ನಮ್ಮ ಮನಿ ಮುಂದ ಒಬ್ಬಾಂವ ದಿನಾ ಮುಂಜಾನೆದ್ದು ಒಣಾ ಅರಿಬಿ ತಗೊಂಡು ಧೂಳ ಒರಸ್ತಾನ, ಒಂದ ದಿನಾ ತಪ್ಪಸಂಗಿಲ್ಲ. ಆ ಧೂಳಾಗ ಉಸುಕು ಇರತೈತಿ, ಗಾಡಿ ಮ್ಯಾಲೆ ಉಸುಕು ತಿಕ್ಕಿಧಂಗ ಆಗತೈತಿ. ಕರಿಬಣ್ಣದವ್ರ, ನಿಮ್ಮ ಗೀರಿಗೂ ಕಾರಣ ಇದ ಇರಬೇಕ ನೋಡ್ರಿ. ಅದನ್ನ ನಿಲ್ಲಸಲಿಲ್ಲ ಅಂದ್ರ ಯಾವ ವ್ಯಾಕ್ಸ್ ಹಚ್ಚಿದ್ರೂ ಅಷ್ಟ ಐತಿ.

ಕರಿಬಣ್ಣದ_ಕಾರು
ಹೌದು ಸಾರ್, ಅಪಾರ್ಟ್‌ಮೆಂಟಲ್ಲಿ ಕಾರು ಒರೆಸೋಕೆ ಒಬ್ರು ಬರ್ತಾರೆ, ಒಂದೇ ಬಟ್ಟೆಲಿ ಎಲ್ಲಾ ಕಾರೂ ಒರೆಸ್ತಾರೆ. ಇವತ್ತೇ ಬೇಡ ಅಂತ ಹೇಳ್ತೀನಿ.

ಮಳೆಹನಿ
ಬೇಡ ಅನ್ನೋ ಬದ್ಲು ಒಳಗಡೆ, ಗಾಜು, ಚಕ್ರ ಅಷ್ಟು ಮಾತ್ರ ಮಾಡಿ ಅನ್ನಿ, ಪಾಪ ಅವರ ಕೆಲಸ ಯಾಕೆ ತಪ್ಪಿಸ್ತೀರ. ನಾನು ಹಾಗೇ ಮಾಡಿದೀನಿ. ಬಾಡಿ ಮಾತ್ರ ನಾನೇ ತೊಳೆಯೋದು.

ರಸಾಯನ_ಮೇಷ್ಟ್ರು
ಕಾರ್ನೌಬಾ ಬಗ್ಗೆ ಕೇಳಿದ್ರಲ್ಲ. ಈಶಾನ್ಯ ಬ್ರೆಜಿಲ್ಲಿನಲ್ಲಿ ಬೆಳೆಯೋ ಒಂದು ತಾಳೆ ಜಾತಿಯ ಮರ ಅದು, ಎಲೆ ಮೇಲೆ ಕಟ್ಟೋ ಮೇಣವನ್ನ ಒಣಗಿಸಿ ಬಡಿದು ತೆಗೀತಾರೆ. ಸಸ್ಯದಿಂದ ಸಿಗೋ ಮೇಣಗಳಲ್ಲಿ ತುಂಬ ಗಟ್ಟಿಯಾದದ್ದು, ಕರಗೋದು 82ರಿಂದ 86 ಡಿಗ್ರಿ ಸೆಲ್ಸಿಯಸ್ಸಲ್ಲಿ. ಹೊಸ ಡಬ್ಬಿಗಳ ಮೇಲೆ 'ನೂರಕ್ಕೆ ನೂರು ಕಾರ್ನೌಬಾ' ಅಂತ ದೊಡ್ಡದಾಗಿ ಬರೆದಿರ್ತಾರೆ, ಅದನ್ನ ನಂಬಿ ಜಾಸ್ತಿ ದುಡ್ಡು ಕೊಡ್ಬೇಡಿ. ಶುದ್ಧ ಕಾರ್ನೌಬಾ ಹೆಂಟೆ ಹೆಂಟೆಯಾಗಿ ಗಟ್ಟಿ ಇರುತ್ತೆ, ಕಾರಿಗೆ ಹಚ್ಚೋಕೆ ಸಾಧ್ಯವೇ ಇಲ್ಲ. ದ್ರಾವಕ, ಎಣ್ಣೆ, ಬೇರೆ ಮೆತ್ತನೆ ಮೇಣ ಬೆರೆಸಿದ್ರೇನೇ ಪೇಸ್ಟ್ ಆಗೋದು. ಅದರಲ್ಲಿ ಹಾಕಿರೋ ಕಾರ್ನೌಬಾ ಮಾತ್ರ ಶುದ್ಧ ಅನ್ನೋ ಅರ್ಥದಲ್ಲಿ ಬರ್ಕೊಂಡಿರ್ತಾರೆ, ಅಷ್ಟೆ.

ಸೆರಾಮಿಕ್_ಪರ
86 ಡಿಗ್ರಿ ಅಂತೀರ, ಹಾಗಿದ್ರೆ ಬಿಸಿಲಲ್ಲಿ ಹೊರಗೆ ನಿಲ್ಲೋ ಕಪ್ಪು ಕಾರಿಗೆ ವ್ಯಾಕ್ಸ್ ಹಚ್ಚೋದು ದಂಡ. ಮೆತ್ತಗಾಗಿ ಹೋಗುತ್ತೆ. ಪೇಂಟಿನ ಮೇಲೆ ಗಾಜಿನ ಥರ ಗಟ್ಟಿಯಾಗೋ ಸೆರಾಮಿಕ್ ಲೇಪ ಹಾಕಿಸಿ, ವರ್ಷಗಟ್ಟಲೆ ತಿರುಗಿ ನೋಡೋದೇ ಬೇಡ. ನೈನ್ ಎಚ್ ಗಟ್ಟಿ, ಗೀರೂ ಬೀಳಲ್ಲ.

ರಸಾಯನ_ಮೇಷ್ಟ್ರು
ಒಂದರ್ಧ ಒಪ್ತೀನಿ. ಕಪ್ಪು ಬಾನೆಟ್ಟು ಜೋರು ಬಿಸಿಲಲ್ಲಿ 70 ಡಿಗ್ರಿ ಹತ್ರ ಹೋಗೋದುಂಟು, ಮತ್ತೆ ಡಬ್ಬಿಲಿರೋದು ಬೆರಕೆ ಮೇಣ ಆದ್ದರಿಂದ ಶುದ್ಧ ಕಾರ್ನೌಬಾಕ್ಕಿಂತ ಮುಂಚೆಯೇ ಮೆತ್ತಗಾಗುತ್ತೆ. ಅದಕ್ಕೇ ಹೊರಗೆ ನಿಲ್ಲೋ ಗಾಡಿ ಮೇಲೆ ಅದರ ಆಯಸ್ಸು ಒಂದೆರಡು ತಿಂಗಳು. ಆದ್ರೆ ಆ ನೈನ್ ಎಚ್ ಪೆನ್ಸಿಲ್ ಗಟ್ಟಿತನದ ಅಳತೆ. ಪೆನ್ಸಿಲ್ ಮೊನೆಯಿಂದ ಕೆರೆದು ನೋಡೋ ಪರೀಕ್ಷೆ ಅದು, ಖನಿಜಗಳನ್ನ ಅಳೆಯೋ ಮೋಸ್ ಮಾಪಕವೇ ಬೇರೆ. ಉಸುಕು ಅಂದ್ರೆ ಹೆಚ್ಚಿನಂಶ ಕ್ವಾರ್ಟ್ಸು, ಆ ಮೋಸ್ ಮಾಪಕದಲ್ಲಿ 7. ಸೆರಾಮಿಕ್ ಮೇಲೂ ಉಸುಕಿನ ಬಟ್ಟೆ ಆಡಿಸಿದ್ರೆ ಗೀರು ಬಿದ್ದೇ ಬೀಳುತ್ತೆ.

ಸೆರಾಮಿಕ್_ಪರ
ಬೀಳಲ್ಲ ಅಂದ್ರೆ ಕಮ್ಮಿ ಬೀಳುತ್ತೆ ಅಂತ. ವ್ಯಾಕ್ಸಿಗಿಂತ ನೂರು ಪಾಲು ಮೇಲು.

ಪೇಂಟ್_ಬೂತ್
ಬಾಳಿಕೆ ವಿಷಯದಲ್ಲಿ ಸೆರಾಮಿಕ್ ಮೇಲು, ಅದರಲ್ಲಿ ತಕರಾರಿಲ್ಲ. ಆದ್ರೆ ಅದನ್ನ ಹಾಕೋ ಮುಂಚೆ ಪೇಂಟಿನ ಗೀರೆಲ್ಲ ತೆಗೆದು, ಎಣ್ಣೆ ಜಿಡ್ಡು ಒರೆಸಿ, ಧೂಳಿಲ್ಲದ ಜಾಗದಲ್ಲಿ ಹಾಕ್ಬೇಕು, ಇಲ್ದಿದ್ರೆ ಆ ಗೀರೆಲ್ಲ ಕೆಳಗೆ ಹಾಗೇ ಕೂತ್ಕೊಳುತ್ತೆ. ಒರೆಸೋದು ತಡವಾದ್ರೆ ಪಟ್ಟೆ ಪಟ್ಟೆಯಾಗಿ ಗಟ್ಟಿಯಾಗುತ್ತೆ, ಆಮೇಲೆ ಮಷಿನ್ನಲ್ಲೇ ಕೆರೀಬೇಕು. ನಮ್ಮ ಹತ್ರ ಒಂದು ಗಾಡಿ ಬಂದಿತ್ತು, ಬೇರೆ ಕಡೆ ಸೆರಾಮಿಕ್ ಮಾಡಿಸಿದ್ದು, ಬಾಗಿಲ ಹಿಡಿ ಸುತ್ತ ಎಣ್ಣೆ ಸುರಿದ ಹಾಗೆ ಬಣ್ಣಬಣ್ಣದ ಕಲೆ, ಸರಿಯಾಗಿ ಲೆವೆಲ್ ಮಾಡದೇ ಬಿಟ್ಟಿದ್ರು. ಕಲ್ಲು ಹಾರಿ ಬಿದ್ರೆ ಸೆರಾಮಿಕ್ಕೂ ತಡೆಯಲ್ಲ ಬಿಡಿ, ಅದಕ್ಕೆ ಪಾರದರ್ಶಕ ಫಿಲ್ಮೇ ಬೇಕು. ಇದೆಲ್ಲ ಬೇಡ, ಮನೇಲೇ ಕೈಯಲ್ಲಿ ಮಾಡ್ತೀನಿ ಅನ್ನೋರಿಗೆ ಸಿಂಥೆಟಿಕ್ ಸೀಲೆಂಟ್ (ಮೇಣದ ಬದ್ಲು ಕೃತಕ ಪಾಲಿಮರ್ ಇರೋದು) ಸರಿಯಾದ ಆಯ್ಕೆ. ಹಚ್ಚೋ ಕಷ್ಟ ವ್ಯಾಕ್ಸಿನಷ್ಟೇ, ಬಾಳಿಕೆ ನಾಲ್ಕರಿಂದ ಆರು ತಿಂಗಳು, ಬಿಸಿಲನ್ನೂ ವ್ಯಾಕ್ಸಿಗಿಂತ ಚೆನ್ನಾಗಿ ತಡ್ಕೊಳುತ್ತೆ.

ಹಳೇಗಾಡಿ
ಸೀಲೆಂಟ್ ಹಾಕಿದ ಗಾಡಿ ಪ್ಲಾಸ್ಟಿಕ್ ಹೊದಿಸಿದ ಹಾಗೆ ಕಾಣುತ್ತೆ, ಜೀವ ಇರಲ್ಲ. ನಾನು ಒಪ್ಪಲ್ಲ.

ಮಳೆಹನಿ
ಹಾಗಾದ್ರೆ ಎರಡೂ ಹಾಕ್ಬಹುದಲ್ವಾ? ಕೆಳಗೆ ಸೀಲೆಂಟು, ಒಂದು ದಿನ ಬಿಟ್ಟು ಮೇಲೆ ಕಾರ್ನೌಬಾ. ಹೊಳಪು ಬೇಕು ಅನ್ನಿಸಿದಾಗೆಲ್ಲ ಮೇಲಿಂದು ಮಾತ್ರ ಹಚ್ಕೊಂಡ್ರಾಯ್ತು. ಉಲ್ಟಾ ಮಾತ್ರ ಮಾಡ್ಬೇಡಿ, ಸೀಲೆಂಟ್ ಬರೀ ಪೇಂಟಿಗೆ ಹಿಡ್ಕೊಬೇಕು, ಕೆಳಗೆ ಮೇಣ ಇದ್ರೆ ಹಿಡಿಯಲ್ಲ.

ಹಳೇಗಾಡಿ
ಹಾಂ, ಅದಕ್ಕೆ ನನ್ನದೂ ಒಪ್ಪಿಗೆ.

ಸ್ಪ್ರೇ_ಸಾಕು
ಇಷ್ಟೆಲ್ಲ ಯಾರ್ ಮಾಡ್ತಾರೆ ಮಾರಾಯ್ರೆ. ವಾರಕ್ಕೊಂದ್ಸಲ ತೊಳೆದಾಗ ಸ್ಪ್ರೇ ಹೊಡೆಯೋನ ಕಾರು, ವರ್ಷಕ್ಕೊಂದ್ಸಲ ದುಬಾರಿ ಪೇಸ್ಟ್ ಹಚ್ಚಿ ಮರೆತುಬಿಡೋನ ಕಾರಿಗಿಂತ ಚೆನ್ನಾಗಿರುತ್ತೆ. ನಾನು ಅನುಭವದ ಮೇಲೆ ಹೇಳ್ತಿರೋದು.

ಪೇಂಟ್_ಬೂತ್
ಅದು ಸರಿಯಾದ ಮಾತು. ಬಿಡದೇ ಹಚ್ಚೋರಿಗೆ ಸ್ಪ್ರೇನೂ ಆದೀತು.

ಮೈಕ್ರೋಫೈಬರ್
ಎಲ್ರೂ ಡಬ್ಬಿ ಬಗ್ಗೆ ಜಗಳ ಆಡ್ತಿದೀರ, ಹಚ್ಚೋದರ ಬಗ್ಗೆ ಒಬ್ರೂ ಹೇಳ್ಲಿಲ್ಲ. ಕರಿಬಣ್ಣದವರೇ, ಮುಕ್ಕಾಲು ಪಾಲು ಕೆಲಸ ವ್ಯಾಕ್ಸ್ ಡಬ್ಬಿ ಮುಚ್ಚಳ ತೆಗೆಯೋ ಮುಂಚೆನೇ ಇರೋದು. ನಾನು ಮಾಡೋದು ಹೇಳ್ತೀನಿ ಕೇಳಿ.

ಮೊದ್ಲು ಬರೀ ನೀರು, ಜೋರಾಗಿ ಹಾಯಿಸಿ ಸಡಿಲ ಮಣ್ಣೆಲ್ಲ ಇಳಿಸ್ಬೇಕು, ಬಟ್ಟೆ ಮುಟ್ಟಿಸೋ ಹಾಗಿಲ್ಲ. ಆಮೇಲೆ ಎರಡು ಬಕೆಟ್, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಪ್ಯಾನಲ್ ತಿಕ್ಕಿದ ಮೇಲೆ ಮಿಟ್ಟನ್ನ (ತೊಳೆಯೋ ಕೈಗವಸು) ಬರೀ ನೀರಲ್ಲಿ ಅಲ್ಲಾಡಿಸಿ ಹಿಂಡಿ, ಆಮೇಲೇನೇ ಶಾಂಪೂ ಬಕೆಟ್ಟಿಗೆ. ರೂಫಿಂದ ಶುರು ಮಾಡಿ ಕೆಳಗೆ ಬರ್ಬೇಕು, ಬಾಗಿಲ ಕೆಳಭಾಗ, ಬಂಪರ್ ಕೊನೇಗೆ, ಉಸುಕು ಜಾಸ್ತಿ ಇರೋದು ಅಲ್ಲೇ. ಚಕ್ರಕ್ಕೆ ಬೇರೆ ಬಟ್ಟೆ, ಅದನ್ನ ಯಾವತ್ತೂ ಬಾಡಿಗೆ ತರೋದೇ ಬೇಡ.

ಒರೆಸಿ ಒಣಗಿಸಿದ ಮೇಲೆ ಒಂದು ತೆಳು ಪ್ಲಾಸ್ಟಿಕ್ ಕವರ್ ಒಳಗೆ ಬೆರಳು ಹಾಕ್ಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಿ ನೋಡಿ. ಬರೀ ಕೈಗೆ ನುಣ್ಣಗೆ ಅನ್ನಿಸಿದ್ದು ಕವರ್ ಹಾಕ್ಕೊಂಡಾಗ ಗರಗರ ಅನ್ನುತ್ತೆ. ಹಾಗಂದ್ರೆ ಬ್ರೇಕಿನ ಕಬ್ಬಿಣದ ಧೂಳು, ಮರದ ಅಂಟು, ಟಾರು ಎಲ್ಲ ಕಚ್ಕೊಂಡು ಕೂತಿದೆ ಅಂತ ಅರ್ಥ. ಶಾಂಪೂಗೆ ಇವು ಬಿಡಲ್ಲ, ಕ್ಲೇ ಬಾರ್ (ಕೊಳೆ ಕೀಳೋ ಮೆತ್ತನೆ ಜೇಡಿಯಂಥ ತುಂಡು) ಬೇಕು. ಲೂಬ್ರಿಕೆಂಟ್ (ಜಾರಿಸೋ ದ್ರವ) ಧಾರಾಳವಾಗಿ ಹೊಡೆದು, ಒತ್ತದೇ, ನೆಟ್ಟಗೆ ಹಿಂದೆ ಮುಂದೆ ಆಡಿಸಿ. ಗರಗರ ಸದ್ದು ನಿಂತು ಕ್ಲೇ ಜಾರೋಕೆ ಶುರುವಾದ್ರೆ ಆ ಜಾಗ ಮುಗೀತು. ಕ್ಲೇ ಮುಖ ಕೊಳೆಯಾದ್ರೆ ಮಡಚಿ ಹೊಸ ಮುಖ ತೆಗೀರಿ. ನೆಲಕ್ಕೆ ಬಿದ್ರೆ ಆ ತುಂಡು ಬಿಸಾಕಿ, ತೊಳೆದ್ರೂ ಉಸುಕು ಬಿಡಲ್ಲ.

ನೋಡ್ರಿ_ಮತ್ತ
ಕಬ್ಬಿಣದ ಧೂಳಿಗೆ ಐರನ್ ರಿಮೂವರ್ ಅಂತ ಸ್ಪ್ರೇ ಬರತೈತ್ರಿ, ಹೊಡದು ಸ್ವಲ್ಪ ಹೊತ್ತು ಬಿಟ್ರ ಕಬ್ಬಿಣ ಇದ್ದಲ್ಲೆಲ್ಲಾ ನೇರಳೆ ಬಣ್ಣಾ ಸೋರತೈತಿ. ಒಣಗಾಕ ಬಿಡಬಾರ್ದ, ಅದಕ್ಕಿಂತ ಮೊದ್ಲ ನೀರ ಹಾಕಬೇಕ್ರಿ. ವಾಸನಿ ಮಾತ್ರ ತಡಿಯಾಕ ಆಗಂಗಿಲ್ಲ. ಅದನ್ನ ಮೊದ್ಲ ಮಾಡಿ ಆಮ್ಯಾಲೆ ಕ್ಲೇ ಹಿಡದ್ರ ಅರ್ಧಾ ಕೆಲಸ ಕಮ್ಮಿ.

ಬೈಕ್_ಸವಾರ
ಮಧ್ಯೆ ಬಂದೆ, ಕ್ಷಮಿಸಿ. ನನ್ನ ಬೈಕ್ ಟ್ಯಾಂಕು ಮ್ಯಾಟ್ ಫಿನಿಶ್. ಅದಕ್ಕೂ ಇದೇ ವ್ಯಾಕ್ಸ್ ಹಚ್ಬಹುದಾ?

ಪೇಂಟ್_ಬೂತ್
ಬೇಡ್ವೇ ಬೇಡ. ಮ್ಯಾಟ್ ಮೇಲೆ ವ್ಯಾಕ್ಸ್ ಹಚ್ಚಿದ್ರೆ ತೇಪೆ ತೇಪೆಯಾಗಿ ಹೊಳಪು ಬರುತ್ತೆ, ಪಾಲಿಶ್ ಮಾಡಿದ್ರಂತೂ ಆ ಮ್ಯಾಟ್ ವಾಪಸ್ ತರೋ ದಾರೀನೇ ಇಲ್ಲ. ಮ್ಯಾಟಿಗೇ ಅಂತ ಬರೋ ಸೀಲೆಂಟ್ ಮಾತ್ರ ಉಪಯೋಗಿಸಿ.

ಮೈಕ್ರೋಫೈಬರ್
ಈಗ ಹಚ್ಚೋದು. ನೆರಳಲ್ಲಿ, ಬಾನೆಟ್ ಮುಟ್ಟಿದ್ರೆ ತಣ್ಣಗಿರ್ಬೇಕು. ಗಾಡಿ ಓಡಿಸಿ ತಂದು ನಿಲ್ಲಿಸಿದ ತಕ್ಷಣ ಇಂಜಿನ್ ಬಿಸಿಗೆ ಬಾನೆಟ್ ಕಾದಿರುತ್ತೆ, ಆಗ ಹಚ್ಚಿದ್ರೆ ದ್ರಾವಕ ಒಮ್ಮೆಲೇ ಹಾರಿ ಮೇಣ ಪಟ್ಟಾಗಿ ಕಚ್ಕೊಳುತ್ತೆ. ಫೋಮ್ ಅಪ್ಲಿಕೇಟರನ್ನ (ಹಚ್ಚೋ ಸ್ಪಂಜು) ಸ್ವಲ್ಪ ಒದ್ದೆ ಮಾಡಿ ಹಿಂಡಿ, ಡಬ್ಬಿ ಮೇಲೆ ಒಂದೇ ಒಂದು ಸಲ ಆಡಿಸಿ, ಅಷ್ಟೇ ಸಾಕು ಅರ್ಧ ಬಾನೆಟ್ಟಿಗೆ. ಹಚ್ಚಿದ ಮೇಲೆ ಪೇಂಟ್ ಬಣ್ಣ ಕಾಣೋಷ್ಟು ತೆಳುವಾಗಿರ್ಬೇಕು. ಬೆಳ್ಳಗೆ ದಪ್ಪಗೆ ಕಂಡ್ರೆ ಜಾಸ್ತಿ ಆಯ್ತು ಅಂತ. ದಪ್ಪ ಹಚ್ಚಿದ್ರಿಂದ ರಕ್ಷಣೆ ಹೆಚ್ಚಲ್ಲ, ಒರೆಸುವಾಗ ಎಲ್ಲಾ ಬಟ್ಟೆಗೇ ಬರುತ್ತೆ, ಕೈನೋವು ಒಂದು ಉಳಿಯೋದು.

ಒಂದೊಂದೇ ಪ್ಯಾನಲ್ ಮಾಡಿ. ಮಬ್ಬು ಕಟ್ಟಿದ ಮೇಲೆ ಬೆರಳಿಂದ ಒಂದು ಗೆರೆ ಎಳೆದು ನೋಡಿ, ಕೆಳಗೆ ಪೇಂಟ್ ಸ್ವಚ್ಛವಾಗಿ ಕಂಡ್ರೆ ಒರೆಸೋ ಹೊತ್ತಾಯ್ತು, ಬೆರಳು ಎಳೆದಲ್ಲಿ ಮಸಮಸ ಅಂತ ಸವರಿಕೊಂಡ್ರೆ ಇನ್ನೂ ಸ್ವಲ್ಪ ಕಾಯಿರಿ. ಮಳೆಗಾಲದ ತೇವ ಇದ್ರೆ ಒಣಗೋದು ನಿಧಾನ. ಡಬ್ಬಿ ಮೇಲೆ ಬರೆದಿರೋ ನಿಮಿಷಕ್ಕಿಂತ ಈ ಬೆರಳ ಪರೀಕ್ಷೆನ ನಂಬಿ. ಕೆಲವು ವ್ಯಾಕ್ಸು ಹಚ್ಚಿದ ತಕ್ಷಣ ಒರೆಸ್ಬೇಕು, ಅದನ್ನ ಮಾತ್ರ ಓದ್ಕೊಳ್ಳಿ. ಒರೆಸೋಕೆ ಮೆತ್ತನೆ ಮೈಕ್ರೋಫೈಬರ್, ಎರಡು. ಒಂದರಲ್ಲಿ ಮೇಣ ತೆಗೆದು ಇನ್ನೊಂದರಲ್ಲಿ ಕೊನೇ ಕೈ ಆಡಿಸೋದು. ಅಂಚಿನ ಲೇಬಲ್ ಕತ್ತರಿಸಿ ತೆಗೀರಿ, ಅದೇ ಗೀರು ಹಾಕುತ್ತೆ.

ಮಳೆಹನಿ
ಎಲ್ಲಾದ್ರೂ ಒರೆಸೋದು ಮರೆತು ಗಟ್ಟಿಯಾಗಿಬಿಟ್ರೆ ಬಲ ಹಾಕಿ ಉಜ್ಜೋಕೆ ಹೋಗ್ಬೇಡಿ, ಅದರ ಮೇಲೇ ಚೂರು ಹೊಸ ವ್ಯಾಕ್ಸ್ ಹಚ್ಚಿ. ಹೊಸದರಲ್ಲಿರೋ ದ್ರಾವಕಕ್ಕೆ ಹಳೇದು ಮೆತ್ತಗಾಗಿ ಎರಡೂ ಒಟ್ಟಿಗೆ ಬಂದ್ಬಿಡುತ್ತೆ.

ಹಳೇಗಾಡಿ
ನಾನು ಐದಾರು ಕೋಟ್ ಹಾಕ್ತೀನಿ, ಪ್ರತಿ ಕೋಟಿಗೂ ಆಳ ಜಾಸ್ತಿ ಆಗುತ್ತೆ.

ರಸಾಯನ_ಮೇಷ್ಟ್ರು
ಮಳೆಹನಿಯವರು ಈಗಷ್ಟೇ ಹೇಳಿದ್ರಲ್ಲ, ಹೊಸದು ಹಳೇದನ್ನ ಕರಗಿಸುತ್ತೆ ಅಂತ. ಹಾಗಿದ್ಮೇಲೆ ಐದು ಕೋಟ್ ಒಂದರ ಮೇಲೊಂದು ಹೇಗೆ ನಿಲ್ಲುತ್ತೆ? ಎರಡನೇ ಕೋಟ್ ಹಾಕೋದು ಒಳ್ಳೇದು, ಮೊದಲ ಸಲ ತಪ್ಪಿಹೋದ ಜಾಗ ಮುಚ್ಚುತ್ತೆ. ಅದಕ್ಕಿಂತ ಹೆಚ್ಚಿಗೆ ಹಾಕಿದ್ದು ನಿಮ್ಮ ಬಟ್ಟೆಗೆ.

ಹಳೇಗಾಡಿ
ಕಣ್ಣಿಗೆ ಕಾಣೋದನ್ನ ಸುಳ್ಳು ಅನ್ನೋಕಾಗಲ್ಲ ಮೇಷ್ಟ್ರೇ.

ಪೇಂಟ್_ಬೂತ್
ಹಳೇಗಾಡಿಯವರೇ, ನಿಮ್ಮದು ಕ್ಲಿಯರ್ ಕೋಟ್ ಇಲ್ಲದ ಹಳೇ ಸಿಂಗಲ್ ಸ್ಟೇಜ್ ಪೇಂಟಾ? ಪಾಲಿಶ್ ಅಥವಾ ಕ್ಲೀನರ್ ವ್ಯಾಕ್ಸ್ ಹಚ್ಚಿದಾಗ ಅಪ್ಲಿಕೇಟರಿಗೆ ಗಾಡಿ ಬಣ್ಣ ಹತ್ತುತ್ತಾ ನೋಡಿ. ಹತ್ತಿದ್ರೆ ಹೌದು. ಅಂಥ ಪೇಂಟ್ ಎಣ್ಣೆ ಅಂಶನ ಚೆನ್ನಾಗಿ ಹೀರ್ಕೊಳುತ್ತೆ, ಮೊದಲ ಎರಡು ಮೂರು ಕೋಟಲ್ಲಿ ಬಣ್ಣ ಗಾಢ ಆಗೋದು ನಿಜ. ಕ್ಲಿಯರ್ ಕೋಟ್ ಗಾಡಿಗೆ ಆ ಲೆಕ್ಕ ಬರಲ್ಲ.

ಹಳೇಗಾಡಿ
ಹೌದು, ಅಪ್ಲಿಕೇಟರ್ ಕೆಂಪಗಾಗುತ್ತೆ. ಸರಿ ಹಾಗಾದ್ರೆ, ಇಬ್ರ ಮಾತೂ ಅವರವರ ಗಾಡಿಗೆ ಸರಿ.

ಕರಿಬಣ್ಣದ_ಕಾರು
ಎಲ್ರಿಗೂ ತುಂಬ ಥ್ಯಾಂಕ್ಸ್, ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರ್ಲಿಲ್ಲ. ರೂಫ್ ಗುರುತು ಉಗುರಿಗೆ ತಗಲ್ತಾ ಇಲ್ಲ. ಕ್ಲೇ, ಆಮೇಲೆ ಕೈಯಲ್ಲೇ ಸಣ್ಣ ಪಾಲಿಶ್, ಆಮೇಲೆ ಸೀಲೆಂಟ್, ಅದರ ಮೇಲೆ ಕಾರ್ನೌಬಾ ಅಂತ ಯೋಚ್ನೆ ಮಾಡಿದೀನಿ. ಇನ್ನೆರಡು ಪ್ರಶ್ನೆ. ಹಿಂದಿನ ಬಂಪರ್ ಮೊನ್ನೆ ತಾನೇ ಮರುಪೇಂಟ್ ಮಾಡಿಸಿದ್ದು, ಅದಕ್ಕೂ ಈಗಲೇ ಹಚ್ಬಹುದಾ? ಮತ್ತೆ ಇದ್ದ ವ್ಯಾಕ್ಸ್ ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?

ಪೇಂಟ್_ಬೂತ್
ಬಂಪರ್ ಬಿಟ್ಬಿಡಿ. ಹೊಸ ಪೇಂಟಿಂದ ದ್ರಾವಕ ಆಚೆ ಹೋಗ್ತಾ ಇರುತ್ತೆ, ಮೇಲೆ ಸೀಲ್ ಮಾಡಿದ್ರೆ ಅದಕ್ಕೆ ದಾರಿ ಇರಲ್ಲ. 30 ದಿನದಿಂದ 90 ದಿನ ಬಿಡಿ ಅಂತ ಹೇಳೋದು ವಾಡಿಕೆ, ಪೇಂಟ್ ಮಾಡಿದೋರನ್ನೇ ಕೇಳಿ, ಯಾವ ಕ್ಲಿಯರ್ ಹೊಡೆದ್ರು, ಬೂತಲ್ಲಿ ಬೇಕ್ ಮಾಡಿದ್ರಾ ಅಂತ ಅವರಿಗೆ ಗೊತ್ತಿರುತ್ತೆ. ಅಲ್ಲೀವರೆಗೂ ನೀರು ಹಾಕಿ ಮೆತ್ತಗೆ ತೊಳೆದ್ರೆ ಸಾಕು.

ಮಳೆಹನಿ
ಎರಡನೇದಕ್ಕೆ ನಾನು ಹೇಳ್ತೀನಿ. ನೀರು ಹಾಕಿದಾಗ ಗುಂಡು ಗುಂಡು ಹನಿಯಾಗಿ ಜಾರಿದ್ರೆ ವ್ಯಾಕ್ಸ್ ಇದೆ, ಚಪ್ಪಟೆಯಾಗಿ ಹರಡ್ಕೊಂಡು ಕೂತ್ರೆ ಹೋಗಿದೆ. ಆದ್ರೆ ಒಂದ್ಸಲ ಚೆನ್ನಾಗಿ ತೊಳೆದೇ ನೋಡ್ಬೇಕು, ಮೇಲೆ ಕೊಳೆ ಕೂತಿದ್ರೆ ಕೆಳಗೆ ವ್ಯಾಕ್ಸ್ ಇದ್ರೂ ನೀರು ಹರಡುತ್ತೆ. ಬಾಗಿಲ ಮೇಲೆ ಇದ್ದು ಬಾನೆಟ್ ಮೇಲೆ ಹೋಗಿರೋದೂ ಉಂಟು, ಬಿಸಿಲು ಜಾಸ್ತಿ ಬೀಳೋ ಕಡೆ ಬೇಗ ಹೋಗುತ್ತೆ. ನಾನು ನಡುವೆ ಒಂದ್ಸಲ ಬಾನೆಟ್ಟಿಗೂ ರೂಫಿಗೂ ಮಾತ್ರ ಹೆಚ್ಚಿಗೆ ಹಚ್ಕೋತೀನಿ, ಇಡೀ ಕಾರಿಗೆ ಮಾಡಲ್ಲ.

ಸೆರಾಮಿಕ್_ಪರ
ಹನಿ ಗುಂಡಗಿದ್ರೆ ಇನ್ನೊಂದು ತಲೆನೋವು ಇದೆ ಅಂತಾನೂ ಹೇಳಿ. ಬೋರ್‌ವೆಲ್ ನೀರಲ್ಲಿ ತೊಳೆದು ಹಾಗೇ ಬಿಟ್ರೆ ಆ ಹನಿ ಒಣಗಿ ಒಂದೊಂದು ಬಿಳಿ ಉಂಗುರ ಆಗುತ್ತೆ.

ರಸಾಯನ_ಮೇಷ್ಟ್ರು
ಸರಿಯಾಗಿ ಹೇಳಿದ್ರಿ, ಮತ್ತೆ ಅದು ಸೆರಾಮಿಕ್ ಮೇಲೂ ಆಗುತ್ತೆ. ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಉಳ್ಕೊಳೋದು. ಗಡಸು ನೀರಾದ್ರೆ ಬಿಸಿಲಲ್ಲಿ ತೊಳೀಬೇಡಿ, ತೊಳೆದ ತಕ್ಷಣ ಒರೆಸಿ. ಹೊಸ ಕಲೆಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಚೆನ್ನಾಗಿ ತೊಳೆದುಬಿಡಿ. ಆ ಜಾಗದ ವ್ಯಾಕ್ಸ್ ಹೋಗಿರಬಹುದು, ಮತ್ತೆ ಹಚ್ಕೊಳ್ಳಿ. ಹಕ್ಕಿ ಹಿಕ್ಕೆಗೂ ಇದೇ ಅವಸರ ಬೇಕು, ಅದರಲ್ಲಿರೋ ಯೂರಿಕ್ ಆಸಿಡ್ಡು, ಮೇಲಿಂದ ಬಿಸಿಲು, ಎರಡೂ ಸೇರಿದ್ರೆ ಕೆಲವು ಗಂಟೇಲಿ ಗುರುತು ಕೂರುತ್ತೆ. ವ್ಯಾಕ್ಸ್ ಇದ್ರೆ ಒರೆಸೋಕೆ ಸ್ವಲ್ಪ ಸಮಯ ಸಿಗುತ್ತೆ, ಪೂರ್ತಿ ತಡೆಯುತ್ತೆ ಅಂತ ನಂಬ್ಕೊಂಡು ಕೂರ್ಬೇಡಿ. ಒಣಗಿದ್ರೆ ಒದ್ದೆ ಬಟ್ಟೆ ಇಟ್ಟು ನೆನೆಸಿ ಎತ್ತಿ, ಕೆರೀಬೇಡಿ, ಒಳಗೆ ಹರಳು ಇರುತ್ತೆ.

ಬೈಕ್_ಸವಾರ
ಪಾತ್ರೆ ತೊಳೆಯೋ ಲಿಕ್ವಿಡ್ಡಲ್ಲಿ ಕಾರು ತೊಳೆದ್ರೆ ವ್ಯಾಕ್ಸ್ ಹೋಗುತ್ತೆ ಅಂತಾರೆ, ನಿಜಾನಾ?

ಮೈಕ್ರೋಫೈಬರ್
ಒಂದೇ ತೊಳೆತಕ್ಕೆ ಪೂರ್ತಿ ಹೋಗಲ್ಲ, ಆದ್ರೆ ಜಿಡ್ಡು ತೆಗೆಯೋಕೇ ಮಾಡಿರೋದು ಅದು, ಪ್ರತಿ ಸಲ ಒಂದಿಷ್ಟು ಕರಗುತ್ತೆ. ರಬ್ಬರೂ ಒಣಗುತ್ತೆ. ಪಿಎಚ್ ನ್ಯೂಟ್ರಲ್ ಕಾರ್ ಶಾಂಪೂ ತಗೊಳ್ಳಿ.

ನೋಡ್ರಿ_ಮತ್ತ
ಹೆಡ್‌ಲೈಟ್ ಹಳದಿ ಆಗೇತ್ರಿ ನಂದು. ವ್ಯಾಕ್ಸ್ ಹಚ್ಚಿದ್ರ ಹೊಳಿತೈತೇನು?

ಪೇಂಟ್_ಬೂತ್
ಇಲ್ರಿ ಯಜಮಾನ್ರೆ. ಅದು ಪಾಲಿಕಾರ್ಬೊನೇಟ್, ಮೇಲಿನ ಯುವಿ ಪದರ ಸತ್ತು ಹಳದಿ ಆಗಿರೋದು. ಒದ್ದೆ ಮಾಡಿ ಸ್ಯಾಂಡ್ ಪೇಪರ್ ಹಿಡಿದು, ಪಾಲಿಶ್ ಮಾಡಿ, ಮೇಲೆ ಯುವಿ ಕ್ಲಿಯರ್ ಹೊಡೀಬೇಕು. ಬರೀ ಪಾಲಿಶ್ ಮಾಡಿ ಬಿಟ್ರೆ ಕೆಲವೇ ತಿಂಗಳಲ್ಲಿ ವಾಪಸ್ ಹಳದಿ. ಹಾಗೇ ಮುಂದಿನ ಗಾಜಿಗೂ ವ್ಯಾಕ್ಸ್ ಹಚ್ಚಬ್ಯಾಡ್ರಿ, ರಾತ್ರಿ ಮಳೇಲಿ ವೈಪರ್ ಆಡಿದಾಗ ಮಬ್ಬಾಗಿ ಎದುರು ಲೈಟಿಗೆ ಏನೂ ಕಾಣಲ್ಲ.

ಕರಿಬಣ್ಣದ_ಕಾರು
ಕೊನೇದೊಂದು, ಕಿಟಕಿ ಸುತ್ತ ಕಪ್ಪು ರಬ್ಬರು, ಬಂಪರಿನ ಒರಟು ಪ್ಲಾಸ್ಟಿಕ್ ಇದೆಯಲ್ಲ, ಅದರ ಮೇಲೆ ವ್ಯಾಕ್ಸ್ ತಾಗಿದ್ರೆ ಬಿಳಿ ಕಲೆ ನಿಲ್ಲುತ್ತೆ ಅಂತ ಕೇಳಿದೀನಿ.

ಮಳೆಹನಿ
ನಿಲ್ಲುತ್ತೆ. ಶುರು ಮಾಡೋ ಮುಂಚೆ ಪೇಂಟರ್ ಟೇಪ್ ಅಂಟಿಸ್ಕೊಂಡ್ರೆ ಆ ಚಿಂತೆನೇ ಇಲ್ಲ, ಹತ್ತು ನಿಮಿಷದ ಕೆಲಸ. ಆಗ್ಲೇ ತಾಗಿದ್ರೆ ಮಕ್ಕಳು ಪೆನ್ಸಿಲ್ ಅಳಿಸೋ ಬಿಳಿ ರಬ್ಬರ್ ತಗೊಂಡು ಮೆಲ್ಲಗೆ ಉಜ್ಜಿ, ಗೆರೆ ಗೆರೆ ಒಳಗೆ ಹೋಗಿದ್ರೆ ಹಳೇ ಟೂತ್‌ಬ್ರಶ್ಶಿಗೆ ಬಿಸಿನೀರು, ಶಾಂಪೂ ಹಾಕಿ. ಆಮೇಲೆ ಟ್ರಿಮ್ ಡ್ರೆಸ್ಸಿಂಗ್ (ಪ್ಲಾಸ್ಟಿಕ್, ರಬ್ಬರಿಗೆ ಹಚ್ಚೋ ದ್ರವ) ಹಚ್ಚಿ. ಮೊದಲೇ ಡ್ರೆಸ್ಸಿಂಗ್ ಹಚ್ಬಿಟ್ರೆ ಕಲೆ ಒಂದೆರಡು ಮಳೆವರೆಗೂ ಮುಚ್ಕೊಂಡಿದ್ದು ಮತ್ತೆ ಕಾಣುತ್ತೆ.

ಮೈಕ್ರೋಫೈಬರ್
ಅಕ್ಕ ಹೇಳಿದ ಟೇಪ್ ವಿಷಯ ಬರ್ಕೊಳ್ಳಿ. ಆಮೇಲೆ ಕೆಲಸ ಆದ ದಿನ ಆ ಮೈಕ್ರೋಫೈಬರ್ ಬಟ್ಟೆಗಳನ್ನ ಬೇರೆ ಬಟ್ಟೆ ಜೊತೆ ಮಷಿನ್ನಿಗೆ ಹಾಕ್ಬೇಡಿ, ಕಾಟನ್ ನಾರು ಹಿಡ್ಕೊಳುತ್ತೆ. ಲಿಕ್ವಿಡ್ ಡಿಟರ್ಜೆಂಟ್ ಮಾತ್ರ, ಸಾಫ್ಟನರ್ ಬೇಡ, ನೆರಳಲ್ಲಿ ಒಣಗಿಸಿ, ಧೂಳು ಹತ್ತದ ಹಾಗೆ ಕವರಲ್ಲಿ ಕಟ್ಟಿಡಿ.